ಗೌನಿಪಲ್ಲಿಯ ಕೋಣೆಯಲ್ಲಿ ಬರೆದ ಆಕಾಶ

ಕೋವಿಡ್ ಮುಗಿದು ಜನ ಮತ್ತೆ ಮನೆ ರಿಪೇರಿ, ಬಣ್ಣದ ಕೆಲಸಕ್ಕೆ ಕೈ ಹಾಕತೊಡಗಿದ್ದ ವರ್ಷ. ನಾನು ಶ್ರೀನಿವಾಸಪುರದಲ್ಲಿದ್ದುಕೊಂಡು ಮನೆಗಳಿಗೆ ಅಲಂಕಾರಿಕ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತಿದ್ದೆ. ಲಕ್ಕೂರಿನ ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬೆಳಿಗ್ಗೆ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ ಬಸ್ಸು ಹಿಡಿದು ಹೋಗಿ ಫೈನ್ ಆರ್ಟ್ಸ್ ಪಾಸು ಮಾಡಿದೆ. "ಸುಣ್ಣ ಬಳಿಯೋಕೂ ಕಾಲೇಜು ಬೇಕೇನಮ್ಮ?" ಎಂದು ನಕ್ಕವರ ಮನೆಗಳಿಗೂ ಆಮೇಲೆ ಬಣ್ಣ ಹೊಡೆದಿದ್ದೇನೆ.

ಗೌನಿಪಲ್ಲಿಯಲ್ಲಿ ಮಾವಿನ ತೋಟ ಇಟ್ಟಿರುವ ಚೌಡರೆಡ್ಡಿಯವರು ಕರೆಸಿದರು. ಅವರ ಹೆಂಡತಿ ರತ್ನಮ್ಮ ಕಾಯಿ ಕೀಳಿಸುವಾಗ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಆಸ್ಪತ್ರೆಯಿಂದ ಬಂದವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಒಳಗಿನ ಕೋಣೆಯನ್ನು ಅವರಿಗಾಗಿ ಸಿದ್ಧಮಾಡಬೇಕಿತ್ತು.

"ದಿನವೆಲ್ಲಾ ಆಯಮ್ಮ ಸೀಲಿಂಗೇ ನೋಡ್ಬೇಕಲ್ಲಮ್ಮಾ. ಮೋಡ ಗೀಡ ಬರೆದು ಆಕಾಶ ಮಾಡ್ಬಿಡು. ಈಗ್ಲೇ ಹೇಳ್ಬೇಡ, ಒಳಗೆ ಬಂದಾಗ ನೋಡ್ಲಿ," ಎಂದರು ರೆಡ್ಡಿಯವರು.

ಸೀಲಿಂಗಿಗೆ ಆಕಾಶ ಬರೆಯುವುದು ತಾಳ್ಮೆಯ ಕೆಲಸ. ಪುಟ್ಟಿ ಉಜ್ಜಿ, ಪ್ರೈಮರ್ ಕೊಟ್ಟು, ತಿಳಿನೀಲಿ ಎಮಲ್ಷನ್ ಹೊಡೆಯಬೇಕು. ಅದು ಹಸಿಯಿರುವಾಗಲೇ ಸ್ಪಂಜಿನಲ್ಲಿ ಬಿಳಿ ಬಣ್ಣ ಅದ್ದಿ ತಟ್ಟುತ್ತಾ ಹೋಗಬೇಕು. ಒಣ ಬ್ರಷ್ಷಿನಿಂದ ಅಂಚು ತೀಡಿದರೆ ಮೋಡ ತೇಲುವಂತೆ ಕಾಣುತ್ತದೆ. ಕೆಳಗೆ ಹಳೆಯ ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಟೈಲ್ಸ್ ಹಾಕಿಸುತ್ತೇನೆ ಎಂದು ರೆಡ್ಡಿಯವರು ಹೇಳಿದ್ದರಿಂದ ನಾನೂ ನನ್ನ ಜೊತೆಯ ಕೆಲಸಗಾರರೂ ಬಣ್ಣದ ಹನಿ ಬಿದ್ದರೆ ಬೀಳಲಿ ಎಂದು ಬಿಟ್ಟೆವು. ಆಕಾಶ ಚೆನ್ನಾಗಿಯೇ ಬಂದಿತ್ತು.

ರತ್ನಮ್ಮನವರನ್ನು ಮಂಚದ ಸಮೇತ ಒಳಗೆ ತಂದರು. ಅವರು ಒಂದು ಸಲ ಮೇಲೆ ನೋಡಿ ಕಣ್ಣು ಮುಚ್ಚಿಕೊಂಡರು.

"ಹೊರಗೆ ಹಾಕ್ಬಿಟ್ರಾ ನನ್ನ?"

"ಯಾರೇ ಹೊರಗೆ ಹಾಕಿದ್ದು? ಪೇಂಟು ಕಣೇ ಅದು!"

ರೆಡ್ಡಿಯವರು ನಗಲು ನೋಡಿದರು, ಆಗಲಿಲ್ಲ. ಆ ಮಾತಿನ ಅರ್ಥ ನನಗೂ ಹೊಳೆಯಿತು. ನಮ್ಮ ಕಡೆ ಉಸಿರು ಹೋದವರನ್ನು ಮನೆಯೊಳಗೆ ಇಡುವುದಿಲ್ಲ, ಅಂಗಳಕ್ಕೆ ತಂದು ಆಕಾಶದ ಕೆಳಗೆ ಮಲಗಿಸುತ್ತಾರೆ. ಇನ್ನೇನು ಹೋಗುತ್ತದೆ ಎನಿಸಿದವರನ್ನೂ ಕೆಲವು ಮನೆಗಳಲ್ಲಿ ಮೊದಲೇ ಹೊರಗೆ ತರುವುದುಂಟು. ಎದ್ದು ಓಡಾಡುವ ನಮಗೆ ಸೀಲಿಂಗಿನ ಆಕಾಶ ಚಂದದ ಚಿತ್ರ. ಎದ್ದು ಹೋಗಲಾಗದವರಿಗೆ ಅದು ಅಂಗಳ.

ಅವತ್ತಿನಿಂದ ರತ್ನಮ್ಮ ಊಟ ಬಿಟ್ಟರು. ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಸ್ಟ್‌ಗೂ ಮೈ ಮುಟ್ಟಗೊಡಲಿಲ್ಲ. ಹೀಗೇ ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಉಳಿಸಿಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಅವರನ್ನು ಮತ್ತೆ ನಡುಮನೆಗೆ ತಂದು, ಮಂಚವನ್ನು ಕೋಣೆಯ ಬಾಗಿಲಿನ ಎದುರಿಗೆ ಇಟ್ಟರು. ನಾನು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅಮ್ಮಾ, ಬಿಳಿ ಹೊಡೆದುಬಿಡ್ಲಾ?"

"ಬಿಳಿಯಾದ್ರೆ ಆಸ್ಪತ್ರೆ ಆಯ್ತದೆ."

"ಮತ್ತೆ ಏನು ಬೇಕು ಹೇಳಿ."

"ತೊಲೆ ಹಾಕಮ್ಮ. ಮನೆ ಒಳಗಿದೀನಿ ಅಂತ ನನ್ನ ಕಣ್ಣಿಗೆ ಕಾಣ್ಬೇಕು."

ರೆಡ್ಡಿಯವರು ಬೆಚ್ಚಿದರು. "ತೊಲೆ ಕೆಳಗೆ ಮಲಗಬಾರ್ದು ಕಣೇ, ವಾಸ್ತು!"

"ಏಣಿಯಿಂದ ಬಿದ್ದಾಗ ನಿಮ್ಮ ವಾಸ್ತು ಬಂದು ಹಿಡ್ಕೊಂತಾ?"

"ಹಿಂಗೆ ಜಗಳಕ್ಕೆ ಬಾಯಿ ಐತೆ, ಎರಡು ತುತ್ತು ತಿನ್ನೋಕಿಲ್ಲ."

ಅಷ್ಟರಲ್ಲಿ ರತ್ನಮ್ಮನವರನ್ನು ಮಗ್ಗುಲು ಹೊರಳಿಸುವ ಹೊತ್ತಾಯಿತು. ಕೋಣೆಯ ಕಡೆ ತಿರುಗಿದ್ದೇ ನನ್ನನ್ನು ಗದರಿದರು. "ನೆಲದ ಮೇಲೆಲ್ಲಾ ಏನಮ್ಮಾ ಇದು? ನಾನು ಈ ಮನೆಗೆ ಬಂದ ವರ್ಷ ಹಾಕ್ಸಿದ ನೆಲ. ಎಷ್ಟು ಉಜ್ಜಿದೀನಿ ಗೊತ್ತಾ?" ಮಲಗಿದವರು ಅರ್ಧ ದಿನ ನೆಲವನ್ನೇ ನೋಡುತ್ತಾರೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಟೈಲ್ಸ್ ವಿಚಾರ ಅಲ್ಲಿಗೇ ನಿಂತಿತು.

ನೀಲಿ ಮೇಲೇಳದಂತೆ ಮತ್ತೆ ಪ್ರೈಮರ್ ಕೊಟ್ಟು ತಿಳಿಹಳದಿ ಹೊಡೆದೆವು. ಟೇಪು ಅಂಟಿಸಿ ತೊಲೆಗಳನ್ನು ಗುರುತು ಮಾಡಿ, ಕಂದು ಬಣ್ಣದ ಮೇಲೆ ಇನ್ನೂ ಗಾಢವಾದ ಬಣ್ಣವನ್ನು ಗಟ್ಟಿ ಬ್ರಷ್ಷಿನಿಂದ ತೆಳುವಾಗಿ ಎಳೆದಾಗ ಮರದ ಗೆರೆಗಳು ಮೂಡಿದವು. ಇದಕ್ಕೆ ಗ್ರೇನಿಂಗ್ ಎನ್ನುತ್ತೇವೆ. ಕಿಟಕಿಯ ಬೆಳಕು ಬೀಳದ ಮಗ್ಗುಲಿಗೆ ನೆರಳು ಕೊಟ್ಟಾಗ ಚಪ್ಪಟೆ ಸೀಲಿಂಗಿನಿಂದ ತೊಲೆಗಳು ಇಳಿದಂತಾಯಿತು. ನೆಲದ ಹನಿಗಳನ್ನೆಲ್ಲ ಕೆರೆದು ತೆಗೆದು, ಗೋಡೆಯ ಉದ್ದಕ್ಕೂ ನೆಲದ ಮೇಲೆ ಹಳದಿ ಎಳೆಯ ಅಂಚು ಬರೆದು, ಕಿಟಕಿ ಬೆಳಕು ಕಣ್ಣಿಗೆ ಚುಚ್ಚದಂತೆ ಹೊಳಪಿಲ್ಲದ ಮ್ಯಾಟ್ ಕೋಟ್ ಕೊಟ್ಟೆವು.

ರತ್ನಮ್ಮ ಬಾಗಿಲ ಎದುರಿನಿಂದಲೇ ಉಸ್ತುವಾರಿ ಮಾಡಿದರು. "ಆ ಎಳೆ ಸೊಟ್ಟ ಹೋಗ್ತೈತೆ ನೋಡು. ಕಾಲೇಜಲ್ಲಿ ಇದೇನಾ ಕಲಿಸಿದ್ದು?" ನಾನು ಅಳಿಸಿ ಮತ್ತೆ ಬರೆದೆ. ಅಂಚು ಮೂಲೆ ಮುಟ್ಟುವ ಹೊತ್ತಿಗೆ ಗಂಡನನ್ನು ಕೂಗಿದರು. "ಏನ್ರೀ, ಮುದ್ದೆ ಮಾಡಿದೀರಾ, ಇಲ್ಲಾ ಬರೀ ಮಾತಲ್ಲೇ ಸಾಕ್ತೀರಾ?" ರೆಡ್ಡಿಯವರು ಅಡುಗೆಮನೆಗೆ ಓಡಿದರು. ಅಲ್ಲಿಂದ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು.

ರತ್ನಮ್ಮ ಮತ್ತೆ ನಡೆಯಲಿಲ್ಲ. ಬಣ್ಣದಿಂದ ಬೆನ್ನುಮೂಳೆ ಕೂಡುವುದಿಲ್ಲ. ಆದರೆ ಆ ಕೋಣೆಯಲ್ಲಿ ಅವರು ಉಂಡರು, ಬೈದರು, ತೋಟದ ಲೆಕ್ಕ ಕೇಳಿದರು. ಬೆಳಕು, ನೆರಳು, ಬಣ್ಣದ ಹದವನ್ನು ಕಾಲೇಜು ನನಗೆ ಕಲಿಸಿತು, ಆ ಹೆಮ್ಮೆ ಇವತ್ತಿಗೂ ಇದೆ. ಈಗ ಮಲಗುವ ಕೋಣೆಯ ಕೆಲಸ ಬಂದರೆ ಕರೆಸಿದವರ ಮಾತು ಕೇಳಿ ಶೇಡ್ ಕಾರ್ಡ್ ತೆಗೆಯುವುದಿಲ್ಲ. ಅಲ್ಲಿ ಮಲಗುವವರು ಯಾರು ಎಂದು ಕೇಳಿ, ಮೊದಲು ಅವರ ಹತ್ತಿರ ಹೋಗಿ ಕೂರುತ್ತೇನೆ.