ಘಾಟ್ ಹತ್ತಿಸಿದ ಗಂಜಿ

ನಮ್ಮವರು ಪುಣೆಯವರೆಗಿನ ಸೈಕಲ್ ಪಂದ್ಯಕ್ಕೆ ಹೆಸರು ಕೊಟ್ಟಾಗ ಅವರಿಗೆ ಮೂವತ್ತೆಂಟು. ಪರೇಲಿನ ಗಿರಣಿ ಕಚೇರಿಯಲ್ಲಿ ಗುಮಾಸ್ತರು. ನಸುಕಿನಲ್ಲೆದ್ದು ಸೈಕಲ್ಲನ್ನು ಹೆಗಲಿಗೇರಿಸಿ ಚಾಳಿನ ಎರಡು ಮಾಳಿಗೆ ಇಳಿದು, ಠಾಣೆಯವರೆಗೆ ಹೋಗಿ, ಕಚೇರಿಯ ಹೊತ್ತಿಗೆ ತಿರುಗಿ ಬರುತ್ತಿದ್ದರು. ತೂಕ ಇಳಿಯಲೆಂದು ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಬಿಚ್ಚಿದರು. ಅವೆಲ್ಲ ಮಂಚದ ಕೆಳಗೆ ಬಂದವು. ಕಸ ಗುಡಿಸುವಾಗ ದಿನಾ ಕಾಲಿಗೆ ತಾಗುತ್ತಿದ್ದವು. ಅದಕ್ಕೆ ನಾನೇನೂ ಅನ್ನಲಿಲ್ಲ.

ನನ್ನ ಹೊಟ್ಟೆ ಉರಿದದ್ದು ಗಂಜಿಗೆ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಗಂಡಹೆಂಡತಿ ಇದ್ದರು. ಗಂಡ ಮಾಟುಂಗದ ಹೋಟೆಲಿನಲ್ಲಿ ಅಡಿಗೆಯವನು, ಮೊದಲ ಲೋಕಲ್ ರೈಲು ಹಿಡಿಯುವವನು. ಅವನಿಗಾಗಿ ಆಕೆ ದಿನಾ ನಸುಕಿನಲ್ಲೇ ಕೆಂಪಕ್ಕಿಯ ಗಂಜಿ ಮಾಡುತ್ತಿದ್ದಳು. ಒಂದು ದಿನ ಇವರಿಗೂ ಒಂದು ಬಟ್ಟಲು ಕೊಟ್ಟಳು. ಅಂದಿನಿಂದ ಅದೇ ರೂಢಿಯಾಯಿತು. ಇವರು ಆಕೆಯ ಬಾಗಿಲಲ್ಲಿ ನಿಂತು, “ತಂಗಿ, ಗಂಜಿ ಆತೇನವಾ?” ಅನ್ನುವುದು, ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುವುದು.

“ನನ್ನ ರೊಟ್ಟಿ ಏನ್ ಪಾಪ ಮಾಡ್ಯಾವ್ರೀ?” ಎಂದೆ ಒಮ್ಮೆ.

“ರೊಟ್ಟಿ ತಿಂದು ಖಂಡಾಲಾ ಘಾಟ್ ಹತ್ತಾಕ ಆಗಂಗಿಲ್ಲ. ಆಕಿ ಗಂಜಿ ಕುಡದ್ರ ಹೊಟ್ಟಿ ಹಗುರ, ಕಾಲಾಗ ಕಸುವು.”

“ಹಂಗಾರ ಇಷ್ಟು ವರ್ಷ ಕಾಲಾಗ ಏನಿತ್ತು, ಗಿರಣಿ ಹತ್ತಿಯೇನು?”

ಅವರು ನಕ್ಕು, ಚೈನಿಗೆ ಎಣ್ಣೆ ಬಿಡಲು ಕೂತರು.

ಪಂದ್ಯದ ದಿನವಾದರೂ ನನ್ನ ಒಲೆಯದೇ ಕುಡಿದು ಹೋಗಬೇಕೆಂದು ಹಟ ಹಿಡಿದೆ. ಹಿಂದಿನ ದಿನ ಮಾಟುಂಗಕ್ಕೆ ಹೋಗಿ ಅದೇ ಕೆಂಪಕ್ಕಿ ತಂದೆ. “ನಾಳೆ ಗಂಜಿ ನಾನಽ ಮಾಡ್ತೀನಿ. ಆಕಿ ಬಾಗಿಲಿಗೆ ಹೋಗಬ್ಯಾಡ್ರಿ” ಎಂದೆ. ನಾವು ಜೋಳ ಉಂಡು ಬೆಳೆದವರು. ನಮಗೆ ಅಕ್ಕಿಯೆಂದರೆ ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಅರಳುವ ಬಿಳಿ ಅಕ್ಕಿ. ಅದೇ ಅಂದಾಜಿನಲ್ಲಿ ಅವರು ಹೊರಡುವ ಅರ್ಧ ಗಂಟೆ ಮುಂಚೆ ಇದ್ದಿಲ ಶೆಗಡಿಯ ಮೇಲಿಟ್ಟೆ. ಅವರ ಸ್ನಾನವಾಯಿತು, ಬೂಟಿನ ಲಾಡಿ ಕಟ್ಟಿದ್ದಾಯಿತು. ಅಕ್ಕಿ ಮಾತ್ರ ಹರಳಿನ ಹಾಗೆ ಕುಣಿಯುತ್ತಿತ್ತು.

ಅವರು ಗಾಳಿ ಹಾಕಲು ಕೆಳಗಿಳಿದಾಗ, ಸೌಟಿನಲ್ಲಿ ನಾಲ್ಕು ಕಾಳು ಹಿಡಿದುಕೊಂಡು ಆಕೆಯ ಬಾಗಿಲಿಗೆ ಹೋದೆ. ಒಂದನ್ನು ಬೆರಳಲ್ಲಿ ಹಿಚುಕಿ ನೋಡಿದಳು.

“ಅಯ್ಯೊ ಅಕ್ಕ, ಇದು ಕುಚ್ಚಲಕ್ಕಿ ಅಲ್ವಾ ಮಾರಾಯ್ರೆ! ಒಂದೂವರೆ ಗಂಟೆಯಾದ್ರೂ ಬೇಯ್ಬೇಕು.”

ಆಕೆ ನಗಲಿಲ್ಲ. ನಕ್ಕಿದ್ದರೆ ನಾನೂ ಒಂದು ಮಾತು ಅಂದು ಹಗುರಾಗುತ್ತಿದ್ದೆ. ನನ್ನ ಮನೆಯಿಂದ ಚರಿಗೆ ತರಿಸಿ, ತನ್ನ ಗಂಜಿಯನ್ನೇ ಅದಕ್ಕೆ ತುಂಬಿ, ಉಪ್ಪು ಹಾಕಿ ಕೊಟ್ಟಳು.

ಅವರು ನಿಂತೇ ಕುಡಿದರು. ಬಾಯಿ ಒರೆಸಿಕೊಂಡು, “ಆಕಿದ್ಕಿಂತ ನಿಂದಽ ಛಲೋ ಆಗೇತಿ ನೋಡು!” ಎಂದರು. ಗೋಡೆಯಾಚೆ ಬಳೆಯ ಸದ್ದು ನಿಂತಿತು.

“ಹೌದೇನ್ರೀ” ಎಂದೆ, ಅಷ್ಟೇ.

ಅವರು ಹೋದ ಮೇಲೂ ನನ್ನ ಪಾತ್ರೆ ಬೇಯುತ್ತಲೇ ಇತ್ತು. ಠಾಣೆ ದಾಟಿರಬೇಕು ಅನ್ನುವ ಹೊತ್ತಿಗೆ ಅಕ್ಕಿ ಅರಳಿತು. ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡೆ. ರುಚಿಯಾಗಿತ್ತು, ಅದಕ್ಕೇ ಮತ್ತಷ್ಟು ಸಿಟ್ಟು ಬಂತು. ಆಕೆಗೊಂದು ಬಟ್ಟಲು ಕೊಡಬೇಕಿತ್ತು. ಕೊಡಲಿಲ್ಲ.

ಮರುದಿನ ಅವರು ರೈಲಿನಲ್ಲಿ ತಿರುಗಿ ಬಂದರು. ಎಲ್ಲೋ ಕೊನೆಯ ಸಾಲಿನಲ್ಲಿ, ಅಂತೂ ಪುಣೆ ಮುಟ್ಟಿದ್ದರು. ಗ್ಯಾಲರಿಯಲ್ಲಿ ನಿಂತು ಚಾಳಿಗೆಲ್ಲ ಸಾರಿದರು: “ಘಾಟ್ ಹತ್ತಿಸಿದ್ದು ನಮ್ಮಾಕಿ ಗಂಜಿ!”

ಆಕೆ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ, “ಹೌದು ಅಣ್ಣ, ಅಕ್ಕನ ಕೈಯ ರುಚಿಯೇ ಬೇರೆ” ಎಂದಳು.

ನಾನು ಒಳಗೆ ಹೋಗಿ ಮಂಚದ ಕೆಳಗಿನ ಕ್ಯಾರಿಯರು, ಮಡ್‌ಗಾರ್ಡು, ಸ್ಟ್ಯಾಂಡು ಎಳೆದು ತಂದು ಅವರ ಮುಂದೆ ಸುರಿದೆ.

“ಪಂದ್ಯ ಮುಗೀತು, ಗಂಜಿ ಮಾತು ಸಾಕ್ರಿ. ಮೊದಲು ಇವನ್ನ ಜೋಡಿಸ್ರಿ” ಎಂದೆ.