ಕಳಸಗಿತ್ತಿಯ ಕಣ್ಣು

ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಫೋಟೊ ಸ್ಟುಡಿಯೊದವನಿಗೆ ಬಿಡುವು ಎಂದು ಜನ ತಿಳಿದಿದ್ದಾರೆ. ಬಿಡುವೂ ಇಲ್ಲ, ಮಣ್ಣೂ ಇಲ್ಲ. ಬೇಸಿಗೆಯಲ್ಲಿ ಮದುವೆಯಾದ ಹುಡುಗಿಯರೆಲ್ಲ ಆಷಾಢಕ್ಕೆ ತವರಿಗೆ ಬಂದಿರುತ್ತಾರೆ. ಶ್ರಾವಣದಲ್ಲಿ ಗಂಡನ ಮನೆಗೆ ಹೊರಡುವಾಗ ಕೈಯಲ್ಲಿ ಆಲ್ಬಮ್ ಇರಲೇಬೇಕು. ಅದಕ್ಕೆ ಮನೆಮಂದಿಯೆಲ್ಲ ಬಂದು ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತು, ಒಂದೊಂದು ಪಟಕ್ಕೂ ತೀರ್ಪು ಕೊಡುತ್ತಾರೆ.

ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿ ನನ್ನ ಸ್ಟುಡಿಯೊ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಡಾರ್ಕ್‌ರೂಮಿನ ನೀರಿನಲ್ಲಿ ಬೆರಳ ಚರ್ಮ ಸುಲಿಸಿಕೊಂಡು ಕೆಲಸ ಕಲಿತವನು ನಾನು. ಡಿಜಿಟಲ್ ಕ್ಯಾಮೆರಾ ಬಂದಾಗ ಕಂಪ್ಯೂಟರನ್ನೂ ಹಾಗೆಯೇ ಕಲಿತೆ. ಇಂಗ್ಲಿಷ್ ಓದಿ ಅಲ್ಲ. ಪರದೆಯ ಮೇಲಿನ ಸಾಲಿನಲ್ಲಿ ಯಾವ ಮೂಲೆ ಒತ್ತಿದರೆ ಬಣ್ಣ, ಎಲ್ಲಿಗೆ ಇಳಿದರೆ ಬೆಳಕು ಎಂಬುದನ್ನು ಕೈಗೆ ರೂಢಿ ಮಾಡಿಸಿದೆ. ಯಾರ ಮುಂದೆಯೂ ಕೈಕಟ್ಟಿ ನಿಂತು ಕೇಳಲಿಲ್ಲ.

ಒಂದು ವರ್ಷ ಬಂದದ್ದು ಯಾದವಗಿರಿಯ ಒಂದು ಮನೆಯ ಮದುವೆ. ಧಾರೆಯ ಪಟ ಚೆನ್ನಾಗಿಯೇ ಬಂದಿತ್ತು. ಹಾಲು ಬೀಳುತ್ತಿರುವುದು, ಹುಡುಗಿ ತಲೆ ತಗ್ಗಿಸಿರುವುದು, ಎಲ್ಲ ಸರಿ. ಆದರೆ ವಧೂವರರ ಹಿಂದೆ ಕಳಸ ಹಿಡಿದು ನಿಂತಿದ್ದ ಕಳಸಗಿತ್ತಿ, ಅಂದರೆ ಹುಡುಗನ ಅಕ್ಕ, ಕಣ್ಣು ಮುಚ್ಚಿದ್ದರು. ಧಾರೆಯ ಉಳಿದ ಪಟಗಳಲ್ಲಿ ಯಾರದೋ ಮೊಣಕೈ ಅವರ ಮುಖಕ್ಕೆ ಅಡ್ಡ. ಹುಡುಗಿಯ ತಾಯಿ ಇದನ್ನು ನೋಡಿ ಬಿಳಿಚಿಕೊಂಡರು.

"ಆ ಮನೇಲಿ ಅವ್ರು ಹೇಳಿದ್ದೇ ನಡೆಯೋದು ಕಣ್ರೀ. ಆಲ್ಬಮ್‌ನಲ್ಲಿ ನಿದ್ದೆ ಮಾಡ್ತಿರೋ ಹಂಗೆ ಹಾಕುಸ್ಬುಟ್ರೆ ನನ್ ಮಗಳು ಜನ್ಮಪೂರ್ತಿ ಮಾತು ಕೇಳ್ಬೇಕು."

ರಿಸೆಪ್ಷನ್ ಪಟದಿಂದ ಕಣ್ಣು ತೆಗೆದು ಇಲ್ಲಿಗೆ ಕೂರಿಸುತ್ತೇನೆ ಎಂದೆ. ಅಂದದ್ದು ಸುಲಭ. ನನ್ನ ಕಂಪ್ಯೂಟರಿನಲ್ಲಿ ಎರಡು ದೊಡ್ಡ ಪಟ ಒಟ್ಟಿಗೆ ತೆರೆದರೆ ಮರಳು ಗಡಿಯಾರ ತಿರುಗುತ್ತಾ ನಿಲ್ಲುತ್ತಿತ್ತು. ಬೆಂಚಿನವರು ಕಾಫಿ ತರಿಸಿ ಕುಡಿದು, ಲೋಟ ತೊಳೆದಿಟ್ಟರೂ ತಿರುಗುತ್ತಿತ್ತು. ಒಂದು ಕಣ್ಣು ಕೂರಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪರದೆ ಹೆಪ್ಪುಗಟ್ಟಿತು. ಮತ್ತೆ ಮೊದಲಿನಿಂದ.

ರೇಗಿಹೋಗಿ ಶಿವರಾಂಪೇಟೆಯಿಂದ ಕಂಪ್ಯೂಟರ್ ಅಸೆಂಬಲ್ ಮಾಡುವವನನ್ನು ಕರೆಸಿದೆ. ಬರೀ ರ‍್ಯಾಮ್ ಹಾಕಿದರೆ ಸಾಕು ಎಂದ. ಹೊಸ ರ‍್ಯಾಮ್ ಹಳೇ ಮದರ್‌ಬೋರ್ಡಿಗೆ ಕೂರಲಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ಪ್ರೊಸೆಸರ್ ಕೂರಲಿಲ್ಲ. ಪ್ರೊಸೆಸರ್ ಬದಲಿಸಿದರೆ ಕರೆಂಟಿನ ಡಬ್ಬಿ ತಾಳದು. ಕೊನೆಗೆ ಹಳೆಯದರಲ್ಲಿ ಉಳಿದದ್ದು ಹೊರಗಿನ ತಗಡು ಮತ್ತು ನನ್ನ ಹೆಂಡತಿ ಹೊಲಿದ ಹೂವಿನ ಕವರು. ಇಷ್ಟು ಸಾಲದೆಂದು, ಕೇಳದೆಯೇ ಫೋಟೊ ಸಾಫ್ಟ್‌ವೇರನ್ನೂ ಹೊಸದು ಮಾಡಿದ. ಎಲ್ಲ ಮೂಲೆಗಳೂ ಜಾಗ ಬದಲಿಸಿದ್ದವು. ಸ್ವಂತ ಮನೆಯಲ್ಲಿ ಸ್ವಿಚ್ಚು ಹುಡುಕಿ ಗೋಡೆ ತಡವಿದ ಹಾಗಾಯಿತು ನನ್ನ ಪಾಡು.

"ಇನ್ಮೇಲೆ ಗಾಳಿ ಓಡ್ದಂಗೆ ಓಡುತ್ತೆ ಬುಡಣ್ಣ," ಎಂದು ಹೋದ.

ಓಡಿತು. ಆ ನಿಧಾನವೇ ಇಷ್ಟು ದಿನ ನನ್ನನ್ನು ಕಾಯುತ್ತಿತ್ತು ಎಂದು ಆಗ ತಿಳಿಯಿತು. ಮೊದಲೆಲ್ಲ ಜನ ಒಂದು ಬದಲಾವಣೆ ಕೇಳಿ, ಕಾದು ಸುಸ್ತಾಗಿ, ಎರಡನೆಯದನ್ನು ನುಂಗಿಕೊಳ್ಳುತ್ತಿದ್ದರು. ಈಗ ಕೇಳಿದ ಕೂಡಲೇ ಆಗಿಬಿಡುತ್ತಿತ್ತು. ಕಳಸಗಿತ್ತಿಯ ಕಣ್ಣು ತೆರೆಸಿದೆ. ಹುಡುಗಿಯ ಚಿಕ್ಕಮ್ಮ ಅವರ ಮುಖ ಸ್ವಲ್ಪ ಬೆಳ್ಳಗೆ ಮಾಡಿ ಎಂದರು. ಸೋದರಮಾವ ಗಲ್ಲ ಸಣ್ಣಗಾಗಲಿ ಎಂದರು. ತಾಯಿಗೆ ಅವರ ತುಟಿಯ ಮೇಲೆ ಒಂದಿಷ್ಟು ನಗು ಬೇಕಾಯಿತು. ಮೂಗು ಮುಟ್ಟುವುದು ಬೇಡ ಎಂದೆ, ಯಾರೂ ಕೇಳಲಿಲ್ಲ, ಮೂಗೂ ಆಯಿತು. ಬೆಂಚಿನ ತುದಿಯಲ್ಲಿದ್ದ ಮದುಮಗಳು ಮಾತ್ರ ಇದ್ದ ಹಾಗೇ ಇರಲಿ, ಅತ್ತಿಗೆ ಏನೂ ಅಂದುಕೊಳ್ಳುವುದಿಲ್ಲ ಎನ್ನುತ್ತಿದ್ದಳು. ಅವಳ ಮಾತು ಯಾರಿಗೆ ಬೇಕಿತ್ತು?

ಶ್ರಾವಣ ಹುಟ್ಟಿತು. ಹುಡುಗಿಯನ್ನು ಕರೆದೊಯ್ಯಲು ಬಂದ ಆ ಅಕ್ಕ, ಪ್ರಿಂಟಿಗೆ ಹೋಗುವ ಮೊದಲು ತಾನೂ ನೋಡುತ್ತೇನೆಂದು ಎಲ್ಲರ ಜೊತೆ ಅಂಗಡಿಗೇ ಬಂದರು. ಧಾರೆಯ ಪಟ ತೆರೆದೆ. ಅವರು ಕನ್ನಡಕ ಏರಿಸಿ, ಮುಂದೆ ಬಾಗಿ ನೋಡಿದರು.

"ಇದ್ಯಾರು, ನನ್ ಕಳಸ ಹಿಡ್ಕೊಂಡಿರೋರು?"

ಹುಡುಗಿಯ ತಾಯಿ ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ಮೂಗು, ಗಲ್ಲ, ನಗು ಎಲ್ಲ ನನ್ನದೇ ಕಿತಾಪತಿ ಎನ್ನುವ ಹಾಗೆ. ಮೈಯುರಿದುಹೋಯಿತು. ಮೂಲ ಪಟವನ್ನೇ ತೆರೆದು ಆ ಅಕ್ಕನ ಮುಂದಿಟ್ಟೆ. ಮುಚ್ಚಿದ ಕಣ್ಣಿನದು. ತಾಯಿ ಸೆರಗಿನ ತುದಿ ಬಾಯಿಗಿಟ್ಟುಕೊಂಡರು.

ಅಕ್ಕ ಪರದೆಯ ಮೇಲೆ ಬೆರಳಿಟ್ಟರು.

"ಇದು ನಾನು," ಎಂದರು. "ಇದನ್ನೇ ಹಾಕಿ. ಹಾಲು ಬೀಳೋವಾಗ ಕಣ್ಮುಚ್ಕೊಂಡು ಬೇಡ್ಕೊತಿದ್ದೆ, ಈ ಹುಡುಗಿ ನಮ್ಮನೇಲಿ ನೆಮ್ಮದಿಯಾಗಿರ್ಲಿ ಅಂತ."

ಮದುಮಗಳು ಬೆಂಚಿನ ತುದಿಯಿಂದ ಎದ್ದು ಬಂದು ಅವರ ಪಕ್ಕದಲ್ಲಿ ಕೂತಳು. ಅವರು ಅವಳಿಗೆ ಜಾಗ ಬಿಡಲು ತಮ್ಮ ಚೀಲವನ್ನು ತೊಡೆಗೆ ಎತ್ತಿಕೊಂಡರು. ತಾಯಿ ಆಗಲೇ ಕಣ್ಣೊರೆಸಿಕೊಂಡು, ತಾನೂ ಮೊದಲಿಂದ ಇದನ್ನೇ ಹೇಳುತ್ತಿದ್ದೆ ಎಂದು ಶುರುಮಾಡಿದರು. ಅಷ್ಟರಲ್ಲಿ ಹಿಂದಿನಿಂದ ಚಿಕ್ಕಮ್ಮ, ಹೇಗೂ ಬೇಗ ಆಗುತ್ತಲ್ಲ, ಈ ಪಟದಲ್ಲೇ ಕಳಸದ ತೆಂಗಿನಕಾಯಿ ಒಂಚೂರು ದಪ್ಪ ಮಾಡೋಕಾಗುತ್ತಾ ಎಂದು ಕೇಳಿದರು.

ಆ ಪಟವನ್ನು ಇದ್ದ ಹಾಗೇ ಸಿ.ಡಿ.ಗೆ ಬರೆದು, ಕಂಪ್ಯೂಟರನ್ನು ಆರಿಸಿ, ಅವರೆಲ್ಲ ಕೂತಿರುವಾಗಲೇ ನಾನು ಪ್ರಿಂಟಿಗೆ ಹೊರಟೆ.