ಬಳ್ಳಾರಿಯ ಹಾಡೋರ ಓಣಿಗೆ ಹೋಗಿಬಂದದ್ದು

ಸಿರುಗುಪ್ಪದಿಂದ ಬಳ್ಳಾರಿಗೆ ಬೆಳಿಗ್ಗೆ ಏಳಕ್ಕೆ ಹೊರಡಬೇಕಾದ ಬಸ್ಸು ಆ ಶನಿವಾರ ಏಳೂಮುಕ್ಕಾಲಿಗೆ ಹೊರಟಿತು. ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಕೊಯ್ಲಾದ ಭತ್ತದ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ಯುದ್ಧಕಾಲದ ಇದ್ದಿಲ ಬಸ್ಸುಗಳು ಹೋಗಿ ಪೆಟ್ರೋಲಿನ ಬಸ್ಸು ಬಂದಿದ್ದರಿಂದ ಇಳಿದು ತಳ್ಳುವ ಕೆಲಸ ಮಾತ್ರ ಇರಲಿಲ್ಲ. ಮೂವತ್ತೈದು ಮೈಲಿ ದಾರಿ, ಮೂರು ತಾಸಿನ ಪ್ರಯಾಣ.

ನನ್ನ ಪಕ್ಕದಲ್ಲಿ ಗೆಳೆಯ ಪಂಪಣ್ಣ ಕೂತಿದ್ದ. ಹೊಳೆಯ ದಂಡೆಗೆ ಗದ್ದೆ ಮಾಡಿಕೊಂಡಿದ್ದ ಒಕ್ಕಲಿಗ. ವಯಸ್ಸು ಮೂವತ್ತೆಂಟು, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾವಿಬ್ಬರೂ ಹೊರಟಿದ್ದು ಬಳ್ಳಾರಿಯ ಹಾಡೋರ ಓಣಿಗೆ.

ಎರಡು ದಿನ ಮೊದಲು ಶಾಲೆ ಬಿಟ್ಟ ಮೇಲೆ ಪಂಪಣ್ಣ ನನ್ನನ್ನು ಬೇವಿನ ಮರದ ಕೆಳಗೆ ಹಿಡಿದು ನಿಲ್ಲಿಸಿದ್ದ. ತಿಂಗಳಿಗೊಮ್ಮೆ ಅವನು ಬಳ್ಳಾರಿಗೆ ಹೋಗುವುದು ಗೊಬ್ಬರಕ್ಕೂ ಬೀಜಕ್ಕೂ ಅಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

"ಆಕಿ ಹೆಸರು ಕಮಲಾಕ್ಷಿ. ಎರಡು ವರ್ಷ ಆತು, ಆಕಿ ಹಾಡು ಕೇಳಾಕ ಹೋಗ್ತೀನಿ. ಬರೇ ಕೇಳ್ತೀನಿ, ಎದ್ದು ಬರ್ತೀನಿ. ಈಗ ಮದಿವಿ ಕೇಳಬೇಕಂತ ಮಾಡೀನಿ. ಆಕಿ ಅವ್ವ ಬರೇ ತೆಲುಗು ಮಾತಾಡ್ತಾಳ, ನನ್ನ ತೆಲುಗು ಎತ್ತು ಹೊಡಿಯಾಕ ಸಾಲೋದಿಲ್ಲ. ನೀ ಬರಬೇಕಲೇ ಮಾಸ್ತರ."

ಮೇಷ್ಟ್ರು ಆ ಓಣಿಗೆ ಹೋದ ಸುದ್ದಿ ಊರಿಗೆ ಬಂದರೆ ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಆದರೂ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಲೆ ಎತ್ತದೆ, "ಹೆಣ್ಣು ಕೇಳಾಕ ಹೊಂಟೀರಿ ಅಂದ್ರ ಕೈಬೀಸ್ಕೊಂಡು ಹೋಗಬ್ಯಾಡ್ರಿ" ಎಂದು ಒಂದು ತೆಂಗಿನಕಾಯಿ, ಅರಿಸಿನ ಕುಂಕುಮ, ಒಂದು ಹಸಿರು ಕುಪ್ಪಸದ ಬಟ್ಟೆ ಕಟ್ಟಿಕೊಟ್ಟಳು.

ತೆಕ್ಕಲಕೋಟೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿಂದ ಮುಂದೆ ಕರಿಯ ಎರೆ ಹೊಲಗಳು, ಆಳೆತ್ತರದ ಬಿಳಿಜೋಳ. ಬಸ್ಸಿನಲ್ಲಿ ಆ ಕಾಲದ ಎಲ್ಲ ಬಸ್ಸುಗಳಲ್ಲಿ ನಡೆಯುತ್ತಿದ್ದ ಜಗಳವೇ ನಡೆದಿತ್ತು: ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೋ. ಒಬ್ಬರು ತೆಲುಗಿನಲ್ಲಿ ಕನ್ನಡದ ಪರ ವಾದಿಸುತ್ತಿದ್ದರು, ಇನ್ನೊಬ್ಬರು ಕನ್ನಡದಲ್ಲಿ ತೆಲುಗಿನ ಪರ. ಪಂಪಣ್ಣನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವನು ತೊಡೆಯ ಮೇಲಿನ ರುಮಾಲನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದ.

ಹನ್ನೊಂದರ ಹೊತ್ತಿಗೆ ಬಳ್ಳಾರಿ ಮುಟ್ಟಿದೆವು. ರೈಲು ನಿಲ್ದಾಣದ ಹತ್ತಿರದ ಛತ್ರದಲ್ಲಿ ಚಾಪೆ, ಬಾವಿ, ಬೀಗ ಹಾಕುವ ಕೋಣೆ ಎಲ್ಲ ಸಿಗುತ್ತಿತ್ತು. ಕೆಳಗಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ನಾನು ಎರಡು ತಟ್ಟೆ ತಿಂದೆ, ಪಂಪಣ್ಣ ಅರ್ಧ ತಟ್ಟೆ ಬಿಟ್ಟ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿಕೊಂಡು ಅವನು ನನಗೆ ಓಣಿಯ ರೀತಿನೀತಿ ಹೇಳಿಕೊಟ್ಟ. ಹೋಗಬೇಕೆನ್ನುವವರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತೇನೆ. ಸಂಜೆ ನಾನೇ ಕಂಡು ಖಾತ್ರಿ ಮಾಡಿಕೊಂಡದ್ದೂ ಇದೆ.

ಹೋಗುವುದು ದೀಪ ಹಚ್ಚುವ ಹೊತ್ತಿಗೆ. ಅದಕ್ಕೂ ಮೊದಲು ಹೋದರೆ ಅವರು ಮನೆಗೆಲಸದಲ್ಲಿರುತ್ತಾರೆ, ತಡವಾಗಿ ಹೋದರೆ ಜಾಗ ಸಿಗುವುದಿಲ್ಲ. ಮಿಂದು, ಒಗೆದ ಬಟ್ಟೆ ಉಟ್ಟು ಹೋಗಬೇಕು. ಕುಡಿದು ಹೋಗಲೇಬಾರದು. ಮದರಾಸು ಸರ್ಕಾರದ ಪಾನನಿಷೇಧ ಬಂದ ಮೇಲೆ ಬಳ್ಳಾರಿಯ ಹೆಂಡದಂಗಡಿಗಳು ಮುಚ್ಚಿದ್ದವು. ಚಟ ಬಿಡದವರು ನಮ್ಮ ಸಿರುಗುಪ್ಪದ ಕಡೆಯಿಂದ ತುಂಗಭದ್ರೆ ದಾಟಿ, ಹೈದರಾಬಾದ್ ಸೀಮೆಯಲ್ಲಿ ಕುಡಿದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಿದ್ದರು. ಓಣಿಯ ಬಾಯಲ್ಲಿ ನಿಂತ ಪೊಲೀಸಿನವನಿಗೆ ಏಲಕ್ಕಿಯ ವಾಸನೆ ಬಂದರೆ ಸಾಕು, ಅಂಥವನನ್ನು ಪಕ್ಕಕ್ಕೆ ಕರೆಯುತ್ತಿದ್ದ. ಒಳಗೆ ಹೋದ ಮೇಲೆ ತಬಲಾದವರು ತೋರಿಸಿದ ಕಡೆ ಕೂರಬೇಕು. ಹಾಡುವವಳು ತನ್ನ ಇಷ್ಟದ್ದೊಂದು ಹಾಡುವ ತನಕ ಇಂಥದ್ದು ಹಾಡು ಎಂದು ಕೇಳಬಾರದು. ಕೊಡುವುದನ್ನು ತಟ್ಟೆಗೆ ಬಗ್ಗಿ ಇಡಬೇಕು, ದೂರದಿಂದ ಎಸೆಯಬಾರದು. ಎಸೆದವರನ್ನು ಮತ್ತೆ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಓಣಿಯಲ್ಲಿ ಬೇರೆ ವ್ಯವಹಾರದ ಮನೆಗಳೂ ಇದ್ದವು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಹಾಡಿನ ಮನೆಯ ಬಾಗಿಲಲ್ಲಿ ಆ ಮನೆಗಳ ದಾರಿ ಕೇಳಿದರೆ ಮರ್ಯಾದೆ ಉಳಿಯುವುದಿಲ್ಲ.

"ಇಷ್ಟೆಲ್ಲ ಯಾರು ಹೇಳಿಕೊಟ್ರು ನಿನಗ?" ಎಂದೆ.

"ಮೊದಲ ದಿನ ನಾನ ಎಸದಿದ್ದೆ" ಎಂದ ಪಂಪಣ್ಣ. "ಆಮ್ಯಾಲ ಮೂರು ತಿಂಗಳು ಬಾಗಲ ಹೊರಗ ನಿಂತು ಕೇಳೀನಿ."

ಸಂಜೆ ಜಟಕಾ ಹಿಡಿದೆವು. ಎಲ್ಲಿಗೆಂದು ಹೇಳಿದಾಗ ಗಾಡಿಯವನು ತಿರುಗಿ ನನ್ನ ಮುಖ ನೋಡಿದನೇನೋ ಎಂದು ನನಗೆ ಅನ್ನಿಸಿತು. ನಿಜವಾಗಿ ಅವನು ಕುದುರೆಯ ಹುಲ್ಲಿನ ಚೀಲ ಸರಿಸಲೆಂದು ತಿರುಗಿದ್ದ. ಕೋಟೆಯ ಗುಡ್ಡ ಕೆಂಪಾಗಿ ಕಾಣುತ್ತಿತ್ತು. ಓಣಿ ನಾನು ಅಂದುಕೊಂಡಂತೆ ಇರಲಿಲ್ಲ. ಒಂದು ಸೋಡಾ ಅಂಗಡಿ, ಎರಡು ಎಲೆಯಡಿಕೆ ಅಂಗಡಿ, ಮಲ್ಲಿಗೆ ಮಾರುವ ಮುದುಕಿ, ಅತ್ತರಿನವನು. ಒಂದು ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಅಕ್ಕಿಯ ಕಲ್ಲು ಆರಿಸುತ್ತ ರೇಷನ್ನಿನವನನ್ನು ಬೈಯುತ್ತಿದ್ದರು. ಟಾಕೀಸು ಬಂದ ಮೇಲೆ ಕೇಳುವವರು ಕಡಿಮೆಯಾಗಿ ಎಷ್ಟೋ ಮಾಳಿಗೆಗಳಲ್ಲಿ ದೀಪವೇ ಇರಲಿಲ್ಲ.

ಕಮಲಾಕ್ಷಿಯ ಮನೆ ಓಣಿಯ ಕೊನೆಗೆ, ಮೆಟ್ಟಿಲು ಹತ್ತಿ ಮೇಲೆ. ತಬಲಾ ನುಡಿಸುವ ಹುಸೇನ್ ಸಾಹೇಬರು ಬಿಳಿಗಡ್ಡದ ಮುದುಕರು. "ಬರ್ರಿ ಪಂಪಣ್ಣ, ಈ ಸಲ ದೋಸ್ತರನ್ನ ಕರ್ಕೊಂಡು ಬಂದೀರಿ" ಎಂದು ಗೋಡೆಯ ಪಕ್ಕ ಜಾಗ ತೋರಿಸಿದರು. ನಮ್ಮ ಹೊರತು ನಾಲ್ಕೈದು ಜನ ಇದ್ದರು. ಕಮಲಾಕ್ಷಿಗೆ ಮೂವತ್ತರ ಮೇಲೆ ಒಂದೆರಡು ಇರಬಹುದು. ಕಂದು ಬಣ್ಣದ ಇಳಕಲ್ ಸೀರೆ, ಮೂಗುತಿ, ಅಷ್ಟೆ. ಒಂದು ತೆಲುಗು ಜಾವಳಿ ಹಾಡಿದಳು, ಆಮೇಲೆ ಒಂದು ಕನ್ನಡ ತತ್ವಪದ. ನನಗೆ ಸಂಗೀತ ತಿಳಿಯದು. ಆದರೆ ಅವಳು ಒಂದು ಸಾಲನ್ನು ನಾಲ್ಕು ಸಲ ಹಾಡಿದಾಗ ಆ ಸಾಲಿಗೆ ನಾಲ್ಕು ಅರ್ಥ ಇವೆ ಎಂದು ಗೊತ್ತಾಯಿತು. ನಾನು ಭಯಪಡುವುದನ್ನೇ ಮರೆತು ಕೂತಿದ್ದೆ.

ಉಳಿದವರು ಎದ್ದುಹೋದರು. ನಾವು ಏಳಲಿಲ್ಲ. ಒಳಕೋಣೆಯಿಂದ ತಾಯಿ ಮಂಗಮ್ಮ ಬಂದು ಬಾಗಿಲ ಪಕ್ಕ ಕೂತಳು. ತೆಳ್ಳಗಿನ, ನೇರವಾಗಿ ಕೂರುವ ಹೆಂಗಸು. ಏಕೆ ಇನ್ನೂ ಕೂತಿದ್ದೀರಿ ಎಂದು ತೆಲುಗಿನಲ್ಲಿ ಕೇಳಿದಳು. ಪಂಪಣ್ಣ ನನ್ನ ತೊಡೆಯನ್ನು ಚಿವುಟಿದ. ನಾನು ಹೆಂಡತಿ ಕಟ್ಟಿದ ಗಂಟನ್ನು ಬಿಚ್ಚಿ ಕಾಯಿ, ಅರಿಸಿನ ಕುಂಕುಮ, ಕುಪ್ಪಸ ಎಲ್ಲವನ್ನೂ ಅವಳ ಮುಂದಿಟ್ಟು, ನನಗೆ ಬಂದ ಒಳ್ಳೆಯ ತೆಲುಗಿನಲ್ಲಿ ವಿಷಯ ಹೇಳಿದೆ.

ಮಂಗಮ್ಮ ಕುಪ್ಪಸವನ್ನು ಮುಟ್ಟಲಿಲ್ಲ. ಮನೆ ಕೊಡುತ್ತೇನೆಂದು ಬಂದವರಿದ್ದಾರೆ, ಹೊಲ ಬರೆದುಕೊಡುತ್ತೇನೆಂದು ಬಂದವರಿದ್ದಾರೆ, ಎಲ್ಲರೂ ಒಂದೇ ಮಾತನ್ನು ಬೇರೆ ಬೇರೆ ಹೆಸರಿನಲ್ಲಿ ಹೇಳುತ್ತಾರೆ ಎಂದಳು. ನಾನು "ಪೆಳ್ಳಿ" ಎಂದೆ, ತೆಲುಗಿನಲ್ಲಿ ಮದುವೆಗೆ ಇರುವ ಮಾತು. "ಪೆಳ್ಳಾ?" ಎಂದಳು. ನಾನು ಮತ್ತೆ ಹೇಳಿದೆ, ತಾಳಿ ಎಂದೆ, ಅಕ್ಕಿಕಾಳು ಹಾಕುವುದೆಂದೆ. ಅವಳು ಮತ್ತೆ "ಪೆಳ್ಳಾ?" ಎಂದಳು.

ಆಗ ಕಮಲಾಕ್ಷಿ ಶ್ರುತಿಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚುತ್ತ ನಕ್ಕಳು. "ಮಾಸ್ತರ, ಯಾಕ ಇಷ್ಟು ತ್ರಾಸ ತಗೋತೀರಿ? ನಮ್ಮವ್ವಗ ಕನ್ನಡ ಚೊಲೊ ಬರತೈತಿ. ಬಂದವರ ಅಳತಿ ನೋಡಾಕ ತೆಲುಗು ಮಾತಾಡ್ತಾಳ."

ಹುಸೇನ್ ಸಾಹೇಬರು ತಬಲಾದ ಮೇಲೆ ಮುಖವಿಟ್ಟು ನಕ್ಕರು. ಮಂಗಮ್ಮ ಮಾತ್ರ ನಗಲಿಲ್ಲ. ಕಮಲಾಕ್ಷಿ ಪಂಪಣ್ಣನ ಕಡೆ ತಿರುಗಿದಳು.

"ಎರಡು ವರ್ಷ ಬಂದ್ರಿ. ಒಂದು ದಿನನೂ ಒಂದು ಮಾತು ಆಡಲಿಲ್ಲ. ಯಾಕ?"

"ನೀವು ಹಾಡ್ತಿದ್ರಿ" ಎಂದ ಪಂಪಣ್ಣ.

ಅವಳು ಶ್ರುತಿಪೆಟ್ಟಿಗೆಯನ್ನು ಗೋಡೆಯ ಕಡೆ ಸರಿಸಿದಳು. "ನಾ ಹಾಡೋದು ಬಿಡಂಗಿಲ್ಲ."

"ಬಿಟ್ರ ನಾನು ಏನು ಕೇಳ್ಲಿ?"

"ನಿಮ್ಮ ಮನ್ಯಾಗ ಹಿರೇರು ಯಾರು?"

"ಕುರುಗೋಡಿನಾಗ ಅಕ್ಕ ಅದಾಳ, ಬಸಮ್ಮ. ನನ್ನ ಸಾಕಿದಾಕಿ ಆಕಿನ."

"ಆಕಿಗಿ ಗೊತ್ತೈತೇನು?" ಪಂಪಣ್ಣ ತಲೆ ತಗ್ಗಿಸಿದ. ಕಮಲಾಕ್ಷಿ ಎದ್ದು ನಿಂತಳು. "ಹಂಗಾರ ನಾಳೆ ಮುಂಜಾನಿ ಅಲ್ಲಿಗಿ ಹೋಗೂಣು. ಆಕಿ ನನ್ನ ಬಾಗಲಾಗ ನಿಂದ್ರಿಸಿ ಕಳಿಸಿದ್ರ, ನಾನು ಅಲ್ಲಿಂದನ ವಾಪಸ್. ಆಮ್ಯಾಲ ನೀವು ಈ ಮೆಟ್ಟಲ ಹತ್ತಬ್ಯಾಡ್ರಿ, ಹಾಡು ಕೇಳಾಕೂ."

ಮಂಗಮ್ಮ ಕನ್ನಡದಲ್ಲೇ ಹೇಳಿದಳು: "ನಾನೂ ಬರ್ತೀನಿ. ಆ ಬಾಗಲ ನಾನೂ ನೋಡಬೇಕು."

ಭಾನುವಾರ ಎಂಟರ ಕುರುಗೋಡು ಬಸ್ಸು ಹಿಡಿದೆವು. ಹದಿನೆಂಟು ಮೈಲಿಯ ದಾರಿ. ಹೆಂಗಸರಿಬ್ಬರೂ ಮುಂದೆ, ನಾವಿಬ್ಬರೂ ಹಿಂದೆ. ಕೊಳಗಲ್ಲಿನಲ್ಲಿ ಜರಿ ರುಮಾಲಿನ ಒಬ್ಬ ಗೌಡರು ಹತ್ತಿದವರೇ ಕಮಲಾಕ್ಷಿಯನ್ನು ಕಂಡು, ರುಮಾಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡು, ಕತ್ತನ್ನು ಅತ್ತ ಹೊರಳಿಸಿ ನೆಗಡಿಯಾದವರಂತೆ ಕೂತರು. ಅವಳು ಕಿಟಕಿಯ ಹೊರಗೆ ಹತ್ತಿಯ ಹೊಲ ನೋಡುತ್ತಿದ್ದಳು. ಅವರು ಇಳಿದುಹೋದ ಮೇಲೆ ತಾಯಿಗೆ, "ಪಾಪ, ಗೌಡರಿಗಿ ಕುತಿಗಿ ನೊಂದಿರಬೇಕು" ಎಂದಳು. ಪಂಪಣ್ಣ ಎರಡು ದಿನದಲ್ಲಿ ಮೊದಲ ಸಲ ನಕ್ಕ.

ಕುರುಗೋಡಿನಲ್ಲಿ ಗುಡ್ಡವೆಲ್ಲ ಬಂಡೆ, ಬೆಳಿಗ್ಗೆ ಹತ್ತಕ್ಕೇ ಕಾಯಲು ಶುರುವಾಗುತ್ತದೆ. ಬಸಮ್ಮನ ಮನೆ ಗುಡಿಯ ಹಿಂದಿನ ಕೇರಿಯಲ್ಲಿ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಐವತ್ತು ದಾಟಿರಬಹುದು. ಪಂಪಣ್ಣ ಅಂಗಳದಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ: ಇವಳು ಯಾರು, ಎಲ್ಲಿಯವಳು, ಏನು ಮಾಡುತ್ತಾಳೆ, ತಾನು ಏನು ಮಾಡಬೇಕೆಂದಿದ್ದೇನೆ.

ಬಸಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ನಾವು ಬಿಸಿಲಲ್ಲಿ ನಿಂತೆವು. ಎದುರು ಮನೆಯ ಕಟ್ಟೆಯ ಮೇಲೆ ಇಬ್ಬರು ಬಂದು ಕೂತರು. ಮೆಣಸಿನಕಾಯಿಯ ಘಾಟಿಗೆ ನನಗೆ ಕೆಮ್ಮು ಬಂತು, ತಡೆದುಕೊಂಡೆ. ಮಂಗಮ್ಮ ಮಗಳ ಮೊಣಕೈ ಹಿಡಿದು, "ಹೋಗೂಣು ನಡಿ" ಎಂದು ಪಿಸುಗುಟ್ಟಿದಳು. ಕಮಲಾಕ್ಷಿ ಅಲ್ಲಾಡಲಿಲ್ಲ. ಪಂಪಣ್ಣ ಬಾಗಿಲನ್ನೇ ನೋಡುತ್ತಿದ್ದ. ಎಷ್ಟು ಹೊತ್ತಾಯಿತೋ, ನನಗೆ ಶಾಲೆಯ ಒಂದು ಪಾಠದಷ್ಟು ಎನ್ನಿಸಿತು.

ಬಸಮ್ಮ ಹಿತ್ತಲ ಕಡೆಯಿಂದ ತುಂಬಿದ ಕೊಡ ಹೊತ್ತು ಬಂದಳು. "ಕಾಲಿಗಿ ನೀರು ಇರಲಿಲ್ಲ, ಸೇದಿ ತರೂದು ತಡ ಆತು" ಎಂದಳು. ಮೊದಲು ಮಂಗಮ್ಮನ ಕಾಲಿಗೆ, ಆಮೇಲೆ ಕಮಲಾಕ್ಷಿಯ ಕಾಲಿಗೆ ನೀರು ಹಾಕಿದಳು. ತಮ್ಮನಿಗೆ ಚೊಂಬನ್ನು ಕೈಗೆ ಕೊಟ್ಟು ನೀನೇ ಹಾಕಿಕೋ ಎಂದಳು.

ಒಳಗೆ ಕೂತ ಮೇಲೆ ಬಸಮ್ಮ ಸುತ್ತಿಬಳಸಲಿಲ್ಲ. "ನೋಡವ್ವ, ನನಗ ಸಂತೋಷ ಆಗೇತಿ ಅಂತ ಸುಳ್ಳು ಹೇಳಂಗಿಲ್ಲ. ಊರು ಮಾತಾಡತೈತಿ. ಇವನ ಮುಂದ ಆಡೋದಿಲ್ಲ, ಗಂಡಸು. ನನ್ನ ಮುಂದ ಆಡ್ತಾರ. ಅಂಗಡಿಗಿ, ಗುಡಿಗಿ ಹೋಗಾಕಿ ನಾನು."

"ಆಡ್ತಾರ್ರಿ" ಎಂದಳು ಕಮಲಾಕ್ಷಿ. "ನಾನು ಚಿಕ್ಕಂದಿನಿಂದ ಕೇಳೀನಿ. ನಿಮ್ಮ ಜೋಡಿ ನಾನೂ ಬರ್ತೀನಿ. ಅರ್ಧ ನನ್ನ ಮುಂದ ಆಡ್ಲಿ, ನಿಮಗ ಅರ್ಧ ಕಡಿಮಿ ಆಗತೈತಿ."

ಬಸಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ರೊಟ್ಟಿ ಬಡಿಯಾಕ ಬರತೈತೇನು?"

"ಬರಂಗಿಲ್ರಿ. ತಿನ್ನಾಕ ಬರತೈತಿ."

ಬಸಮ್ಮನ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಐದು ರೊಟ್ಟಿ ತಿಂದೆ, ಪಂಪಣ್ಣ ಎಂಟು.

ಊಟವಾದ ಮೇಲೆ ಗುಡಿಗೆ ಹೋದೆವು. ಒಳಗಿನ ನಂದಿ ಬಸವಣ್ಣನ ಮೂರ್ತಿ ನಮ್ಮ ತಲೆಯ ಮೇಲೆ ಇನ್ನೂ ಒಂದಾಳೆತ್ತರ ಇದೆ, ಕತ್ತೆತ್ತಿ ನೋಡಬೇಕು. ಕಲ್ಲು ತಂಪಾಗಿತ್ತು. ಹಣ್ಣುಕಾಯಿ ಮಾಡಿಸಿ ಕಂಬದ ಬುಡಕ್ಕೆ ಕೂತಾಗ ಬಸಮ್ಮ, "ಒಂದು ಹಾಡು ಹೇಳವ್ವ" ಎಂದಳು. ಕಮಲಾಕ್ಷಿ ತಡವರಿಸಿದಳು. ರಾತ್ರಿ ನಿದ್ದೆ ಇಲ್ಲದೆ ಗಂಟಲು ಕಟ್ಟಿದೆ ಎಂದಳು. ಹಾಗೆ ಹೇಳಿ ಏನೋ ತಪ್ಪು ಮಾಡಿದವಳಂತೆ ತಾಯಿಯ ಮುಖ ನೋಡಿದಳು.

"ಹಂಗಾರ ಬಿಡು" ಎಂದಳು ಬಸಮ್ಮ. "ನಮ್ಮ ಮನಿಗಿ ಕೂಲಿ ಮಾಡಾಕ ಬಂದಿಲ್ಲ ನೀನು. ಹಾಡಬೇಕು ಅನ್ನಿಸಿದಾಗ ಹಾಡು."

ಮಂಗಮ್ಮ ಎದ್ದು ಕಂಬದ ಆಚೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು ಬಂದು, ಮದುವೆ ಯಾವ ತಿಂಗಳು ಎಂದು ಕೇಳಿದಳು. ಪಂಪಣ್ಣ ಬಳ್ಳಾರಿಯಲ್ಲಿ ಸಣ್ಣದಾಗಿ ಮಾಡಿಕೊಂಡರಾಯಿತು ಎಂದ. ಬಸಮ್ಮ ಅವನಿಗೆ ಗದರಿದಳು. "ಕದ್ದು ಮಾಡಾಕ ಏನೈತಿ? ನನ್ನ ಅಂಗಳದಾಗ ಆಗಬೇಕು, ಎಲ್ಲಾರಿಗೂ ಕಾಣಂಗ."

ಸೋಮವಾರ ನನಗೆ ಶಾಲೆ. ಅವರನ್ನೆಲ್ಲ ಅಲ್ಲೇ ಬಿಟ್ಟು ಸಂಜೆ ನಾಲ್ಕರ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟೆ. ಪಂಪಣ್ಣ ಮಾತ್ರ ನನ್ನ ಚೀಲ ಹೊತ್ತು ಬಸ್ಸಿನ ತನಕ ಬಂದ. ಬಸ್ಸು ಹೊರಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಒತ್ತಿದ.

ಟಿಕೀಟು ಹರಿಯುತ್ತ ಬಂದ ಕಂಡಕ್ಟರು ನಮ್ಮೂರಿನವನು, ಗುರುತು ಹಿಡಿದ. ಬಸ್ಸಿನಲ್ಲಿ ಸಿರುಗುಪ್ಪದ ಮುಖಗಳು ಇನ್ನೂ ಐದಾರು ಇದ್ದವು.

"ಮಾಸ್ತರ, ಎಲ್ಲಿಗಿ ಹೋಗಿದ್ರಿ?"

"ಬಳ್ಳಾರಿಗಿ. ಹಾಡೋರ ಓಣಿಗಿ" ಎಂದೆ. ನನ್ನ ದನಿ ಪಾಠ ಹೇಳುವಷ್ಟು ದೊಡ್ಡದಿತ್ತು. ಮುಂದಿನ ಸೀಟುಗಳಲ್ಲಿ ತಲೆಗಳು ತಿರುಗಿದವು. "ನಮ್ಮ ಪಂಪಣ್ಣಗ ಹೆಣ್ಣು ನೋಡಾಕ."

ಪಕ್ಕದಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನನ್ನ ಕಡೆ ಬಗ್ಗಿ ಕೇಳಿದಳು:

"ಹುಡುಗಿ ಹೆಂಗದಾಳಪ್ಪ?"

"ಚೊಲೊ ಅದಾಳವ್ವ" ಎಂದೆ. ಕಿಟಕಿಯಿಂದ ಹಿಂದಕ್ಕೆ ನೋಡಿದರೆ ಕುರುಗೋಡಿನ ಗುಡ್ಡ ಇನ್ನೂ ಕಾಣುತ್ತಿತ್ತು, ಬಂಡೆಗಳ ಮೇಲೆ ಸಂಜೆಯ ಬಿಸಿಲಿತ್ತು.